ಟ್ರಸ್ಟ್ ಒಡೆದ ಟೀಚರ್

ನಮ್ಮ ಉಡುಪಿ ಜಿಲ್ಲೆಯಲ್ಲಿ ಟ್ರಸ್ಟ್ ಎಂದರೆ ಒಳ್ಳೆಯ ಮಾತು. ದೇವಸ್ಥಾನದ ಜೀರ್ಣೋದ್ಧಾರ ಮಾಡಿಸುವುದು ಟ್ರಸ್ಟ್, ಶಾಲೆ ನಡೆಸುವುದು ಟ್ರಸ್ಟ್, ಕಣ್ಣಿನ ಶಿಬಿರ ಮಾಡಿ ಕನ್ನಡಕ ಹಂಚುವುದೂ ಟ್ರಸ್ಟ್. ಹಾಗಾಗಿ ಬಿ.ಎ. ಕೊನೆಯ ವರ್ಷದ ಕಿರುಪರೀಕ್ಷೆಯಲ್ಲಿ ಅಮೆರಿಕದ ಟ್ರಸ್ಟ್‌ಗಳ ಬಗ್ಗೆ ಬರೆಯಿರಿ ಎಂದು ಕೇಳಿದಾಗ ನಾನು ಹಿಂದೆ ಮುಂದೆ ನೋಡಲಿಲ್ಲ. ಅಲ್ಲಿನ ಟ್ರಸ್ಟ್‌ಗಳು ಎಣ್ಣೆ, ಸಕ್ಕರೆ ಮುಂತಾದವನ್ನು ಬಡವರಿಗೆ ಹಂಚಿ ಸಮಾಜಸೇವೆ ಮಾಡುತ್ತಿದ್ದವು, ಇಂಥ ಟ್ರಸ್ಟ್‌ಗಳನ್ನು ಒಡೆಯಲು ಸರಕಾರ ಹೊರಟದ್ದು ತೀರಾ ಅನ್ಯಾಯ ಎಂದು ಒಂದೂವರೆ ಪುಟ ತುಂಬಿಸಿದೆ. ಉತ್ತರ ಪತ್ರಿಕೆ ವಾಪಸು ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: ‘ನಿಮ್ಮ ಟ್ರಸ್ಟಿನವರಿಗೆ ಸ್ವರ್ಗ ಖಂಡಿತ. ಪ್ರಶ್ನೆ ಕೇಳಿದ್ದು ಬೇರೆಯವರ ಬಗ್ಗೆ.’

ಹಾಗೆ ಬರೆದ ಟೀಚರ್ ಕಳೆದ ತಿಂಗಳು ಕಾಪುವಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯ ಗುಂಪು ಫೋಟೋದಲ್ಲಿ ಕೂಡ ಎತ್ತರದ ಹುಡುಗರ ಹಿಂದೆ ನಿಂತು ಬರೀ ಸೆರಗಾಗಿ ಉಳಿದವರು ಅವರು.

ಕಾರ್ಕಳದ ಹೊರವಲಯದಲ್ಲಿದ್ದ ನಮ್ಮ ಕಾಲೇಜಿನಲ್ಲಿ ಉಳಿದ ಉಪನ್ಯಾಸಕಿಯರೆಲ್ಲ ಮೇಡಂ, ಇವರೊಬ್ಬರು ಮಾತ್ರ ಟೀಚರ್. ಮೊದಲು ಹೈಸ್ಕೂಲಿನಲ್ಲಿ ಇದ್ದವರಂತೆ, ಆ ಹೆಸರು ಅಂಟಿಕೊಂಡೇ ಬಂದಿತ್ತು. ಕಾಪುವಿನಿಂದ ಶಿರ್ವದ ಮೇಲೆ ಬರುವ ಬಸ್ಸಿನಲ್ಲಿ ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದರು. ವರ್ಷಗಟ್ಟಲೆ ಹಾಗೆ ಬಂದು ಕಂಡಕ್ಟರರ ಭಾಷೆ ಅವರ ಬಾಯಿಗೆ ಹತ್ತಿತ್ತು. ಹಾಜರಿ ಕರೆದು ಮುಗಿದ ಕೂಡಲೇ ಮೇಜಿಗೆ ಎರಡು ಬಾರಿ ತಟ್ಟಿ, “ರೈಟ್, ಪೋಯಿ” ಎನ್ನುತ್ತಿದ್ದರು. ಹೊರಡುವಾ ಎಂದು ಅರ್ಥ. ಅಲ್ಲಿಂದ ಮುಂದೆ ಗಂಟೆ ಹೊಡೆಯುವವರೆಗೆ ನಾವು ಅಮೆರಿಕದಲ್ಲಿರುತ್ತಿದ್ದೆವು.

ಅಮೆರಿಕ ಎಂದರೆ ಈಗಿನದ್ದಲ್ಲ. ನೂರು ವರ್ಷಕ್ಕೂ ಹಿಂದಿನದ್ದು, ಉಕ್ಕು, ರೈಲು, ಕಲ್ಲಿದ್ದಲಿನದ್ದು. ಪಠ್ಯದಲ್ಲಿ ಅದು ಒಂದು ಸಣ್ಣ ಘಟಕ. ಬೇರೆ ಯಾರಾದರೂ ಆಗಿದ್ದರೆ ನೋಟ್ಸ್ ಕೊಟ್ಟು ಒಂದು ವಾರದಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಟೀಚರಿಗೆ ಅದು ಮುಗಿಯುತ್ತಲೇ ಇರಲಿಲ್ಲ. ಉಕ್ಕಿನ ಊರುಗಳಲ್ಲಿ ಹೊಗೆಗೆ ಮಧ್ಯಾಹ್ನವೇ ದೀಪ ಹಚ್ಚುತ್ತಿದ್ದರು ಎಂದು ಹೇಳುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕಾರ್ಕಳದ ಕಲ್ಲುಕೋರೆಗಳ ಬದಿಯಿಂದ ಬರುವ ಹುಡುಗರು ತಮಗೆ ಅರಿವಿಲ್ಲದೆ ಅಂಗಿಯ ಧೂಳು ಕೊಡವುತ್ತಿದ್ದರು. ಒಂದು ದಿನವೂ ವಿಮಾನ ಹತ್ತದ ಈ ಹೆಂಗಸಿಗೆ ಅಲ್ಲಿನ ಗಾಳಿಯ ವಾಸನೆ ಹೇಗೆ ಗೊತ್ತು ಎಂಬುದು ನನಗೆ ಇವತ್ತಿಗೂ ಬೆರಗು.

ಒಂದು ದಿನ ಬಂದವರೇ ಕೇಳಿದರು, “ನಿಮ್ಮ ಊರಿನಲ್ಲಿ ಮಧ್ಯಾಹ್ನ ಆಗುವುದು ಯಾವಾಗ?”

ಇದೆಂತ ಪ್ರಶ್ನೆ ಎಂದು ನಾವು ಮುಖ ಮುಖ ನೋಡಿಕೊಂಡೆವು. ಶಿರ್ವದ ಜೆಸಿಂತಾ ಇಗರ್ಜಿಯ ಗಂಟೆ ಹೊಡೆದಾಗ ಎಂದಳು. ಹೆಬ್ರಿಯ ಹುಡುಗ, ಉಡುಪಿ ಕಡೆಯ ಎಕ್ಸ್‌ಪ್ರೆಸ್ ಬಸ್ಸು ಬಂದಾಗ ಎಂದ. ಕೆಮ್ಮಣ್ಣು ಊರಿನವನೊಬ್ಬನಿದ್ದ, ಅವನಿಗೆ ಎಲ್ಲವೂ ತಮಾಷೆ. “ನಮ್ಮ ಅಜ್ಜನಿಗೆ ಹಸಿವಾದಾಗ” ಎಂದ. ನಾನು, ಗೇರುಬೀಜದ ಕಾರ್ಖಾನೆಯ ಸೈರನ್ ಕೂಗಿದಾಗ ಎಂದೆ.

“ಸರಿ. ಅಮೆರಿಕದಲ್ಲೂ ಹೀಗೆಯೇ ಇತ್ತು. ಊರಿಗೊಂದು ಮಧ್ಯಾಹ್ನ. ಸೂರ್ಯ ನೆತ್ತಿಗೆ ಬಂದಾಗ ಆಯಾ ಊರಿನವರು ಗಡಿಯಾರ ತಿರುಗಿಸಿಕೊಳ್ಳುತ್ತಿದ್ದರು. ಆಮೇಲೆ ರೈಲು ಬಂತು. ಇಷ್ಟು ಮಧ್ಯಾಹ್ನ ಇಟ್ಟುಕೊಂಡು ರೈಲು ಓಡಿಸಲಿಕ್ಕೆ ಆಗುತ್ತದಾ? ರೈಲಿನ ಧಣಿಗಳು ಒಟ್ಟು ಸೇರಿದರು. ಇಡೀ ದೇಶಕ್ಕೆ ನಾಲ್ಕೈದು ಗಡಿಯಾರ ಸಾಕು ಅಂತ ಮಾಡಿದರು. ಸರಕಾರವನ್ನು ಕೇಳಲಿಲ್ಲ, ಜನರನ್ನು ಕೇಳಲಿಲ್ಲ, ಸೂರ್ಯನನ್ನಂತೂ ಕೇಳಲೇ ಇಲ್ಲ.” ಇಷ್ಟು ಹೇಳಿ ಕಿಟಕಿಯ ಕಡೆ ನೋಡಿದರು. ಅಷ್ಟರಲ್ಲಿ ದೂರದಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ದಿನಾ ಕೇಳುವ ಸದ್ದು. ಆ ದಿನ ಅದನ್ನು ಯಾರೋ ಒಬ್ಬರು ಕೂಗಿಸುತ್ತಿದ್ದಾರೆ ಎಂದು ನನಗೆ ಮೊದಲ ಬಾರಿ ಅನ್ನಿಸಿತು.

ಅವರಿಗೂ ಅಂಜಿಕೆಗಳು ಇದ್ದವು. ಲಿಫ್ಟ್ ಬಂದ ಮೇಲೆಯೇ ಅಮೆರಿಕದ ಕಟ್ಟಡಗಳು ಆಕಾಶಕ್ಕೆ ಏರಿದ್ದು, ಅಲ್ಲಿಯವರೆಗೆ ಮೇಲಿನ ಮಾಳಿಗೆಗೆ ಹತ್ತುವ ಕಷ್ಟ ಬಡವರದ್ದಾಗಿತ್ತು, ಲಿಫ್ಟ್ ಬಂದದ್ದೇ ಶ್ರೀಮಂತರು ಮೇಲೆ ಹೋದರು ಎಂದು ಅಷ್ಟು ಚಂದ ವಿವರಿಸಿದವರು, ಒಂದು ವಿಚಾರಸಂಕಿರಣಕ್ಕೆ ಮಣಿಪಾಲಕ್ಕೆ ಹೋದಾಗ ಲಿಫ್ಟಿನ ಬಾಗಿಲು ತೆರೆದುಕೊಂಡ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದರು. “ನೀವು ಹೋಗಿ ಮಕ್ಕಳೇ. ನಾನು ಲಿಫ್ಟ್ ಬರುವುದಕ್ಕಿಂತ ಹಿಂದಿನ ಕಾಲದವಳು” ಎಂದು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ನಮಗಿಂತ ಸ್ವಲ್ಪವೇ ತಡವಾಗಿ ಬಂದು ಸೇರಿದರು. ಆಮೇಲೆ ಬಹಳ ದಿನ ನಾವು ಅವರನ್ನು ಇದಕ್ಕೆ ಛೇಡಿಸಿದೆವು.

ಆದರೆ ನಗಿಸುತ್ತಾ ನಗಿಸುತ್ತಾ ಅವರು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಎಂದು ಹೇಳಲು ಬರುತ್ತಿರಲಿಲ್ಲ. ಹೊರದೇಶಗಳಿಂದ ಬಂದ ಉಕ್ಕಿನ ಕೆಲಸಗಾರರು ಒಂದೇ ಹಾಸಿಗೆಯನ್ನು ಪಾಳಿಯ ಮೇಲೆ ಹಂಚಿಕೊಳ್ಳುತ್ತಿದ್ದ ವಿಷಯ ಒಮ್ಮೆ ಬಂತು. ಹಗಲು ಪಾಳಿಯವನು ಎದ್ದು ಹೋದರೆ ರಾತ್ರಿ ಪಾಳಿಯವನು ಬಂದು ಮಲಗುವುದು, ಹಾಸಿಗೆ ತಣ್ಣಗಾಗಲು ಪುರುಸೊತ್ತೇ ಇಲ್ಲ. ಕೆಮ್ಮಣ್ಣಿನವನು ಎಂತದೋ ಹೇಳಿ ನಗಿಸಿದ. ಜೆಸಿಂತಾ ಮಾತ್ರ ನಗಲಿಲ್ಲ. ಅವರದು ಶಿರ್ವದಲ್ಲಿ ದಾರಿಹೋಕರೂ ನಿಂತು ನೋಡುವಂಥ ಮನೆ.

“ನಮ್ಮ ಪಪ್ಪನೂ ಹಾಗೆಯೇ ಇದ್ದರು ಟೀಚರ್, ಬಹರೈನಿನಲ್ಲಿ. ಸುರುವಿನಲ್ಲಿ” ಎಂದು ಎದ್ದು ನಿಂತು ಹೇಳಿದಳು.

ಟೀಚರ್ ಸೀಮೆಸುಣ್ಣ ಕೆಳಗಿಟ್ಟು, “ಹಾಗಾದರೆ ಈ ಪಾಠ ನನಗಿಂತ ನಿಮ್ಮ ಪಪ್ಪನಿಗೆ ಚೆನ್ನಾಗಿ ಗೊತ್ತುಂಟು” ಎಂದು ಹೇಳಿ, ಅವಳು ಕುಳಿತುಕೊಳ್ಳುವವರೆಗೆ ತಾವೂ ನಿಂತೇ ಇದ್ದರು. ಆ ದೊಡ್ಡ ಮನೆಯನ್ನು ಆಮೇಲೆ ನಾವು ಯಾರೂ ಮೊದಲಿನ ಹಾಗೆ ನೋಡಲಿಲ್ಲ.

ನನ್ನ ಟ್ರಸ್ಟ್ ಉತ್ತರಕ್ಕೆ ಬರುತ್ತೇನೆ. ಅದನ್ನು ಅವರು ತರಗತಿಯಲ್ಲಿ ನನ್ನ ಹೆಸರು ಹೇಳದೆ ಓದಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ಬೇರೆಯವರದ್ದೇನೋ ಎಂಬಂತೆ ನಕ್ಕೆ. ಆಮೇಲೆ ಹೇಳಿದರು. “ಈಗ ಉಡುಪಿಗೆ ಹೋಗಲಿಕ್ಕೆ ಎಷ್ಟೋ ಬಸ್ಸು ಉಂಟು ಅಲ್ವಾ? ಒಬ್ಬ ಹತ್ತಿಸದಿದ್ದರೆ ಇನ್ನೊಬ್ಬ ಹತ್ತಿಸುತ್ತಾನೆ. ಆ ಬಸ್ಸಿನ ಧಣಿಗಳೆಲ್ಲ ಒಂದು ಕೋಣೆಯಲ್ಲಿ ಕೂತು ಎಲ್ಲ ಬಸ್ಸನ್ನೂ ಒಂದೇ ಕೈಗೆ ಕೊಟ್ಟರು ಅಂತ ಇಟ್ಟುಕೊಳ್ಳಿ. ನಾಳೆಯಿಂದ ಆ ಕೈ ಹೇಳಿದಾಗ ಹತ್ತಬೇಕು, ಹೇಳಿದಲ್ಲಿ ಇಳಿಯಬೇಕು. ಎಣ್ಣೆಯಲ್ಲಿ, ಸಕ್ಕರೆಯಲ್ಲಿ ಹಾಗೆ ಮಾಡಿದರು. ಆ ಕೈಗೆ ಅಮೆರಿಕದಲ್ಲಿ ಟ್ರಸ್ಟ್ ಅಂತ ಹೆಸರು.”

“ಒಡೆಯುವುದು ಅಂದರೆ ಹಾಳು ಮಾಡುವುದಾ ಟೀಚರ್?” ಎಂದು ಕೇಳಿದೆ.

ನನ್ನ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸದವಳು ಎಂದು ಅವರಿಗೆ ಗೊತ್ತಿತ್ತು. “ಮನೆಗೆ ಹೋಗಿ ಅಮ್ಮನನ್ನು ಕೇಳು. ಬೀಜ ಒಡೆಯುವುದು ಅಂದರೆ ಹಾಳು ಮಾಡುವುದಾ? ಚಿಪ್ಪು ಒಡೆಯಬೇಕು, ಒಳಗಿನದ್ದು ತುಂಡಾಗಬಾರದು. ಅದಕ್ಕೆ ಕೈ ಬೇಕು.”

ಅಮ್ಮನನ್ನು ಕೇಳಿದೆ. ಚಿಪ್ಪಿನ ಎಣ್ಣೆಗೆ ಕಪ್ಪಾದ ಬೆರಳುಗಳನ್ನು ನೋಡಿಕೊಂಡು, ನಿಮ್ಮ ಟೀಚರ್ ಬೀಜ ಒಡೆದಿದ್ದಾರಾ ಎಂದು ತಿರುಗಿ ಕೇಳಿದಳು. ಇಲ್ಲ ಎಂದೆ. ಮತ್ತೆ ಹೇಗೆ ಗೊತ್ತು ಎಂದು ಅವಳಿಗೂ ಆಶ್ಚರ್ಯವಾಯಿತು.

ಆ ಹುರುಪಿನಲ್ಲಿ ನಾನು ಕಾಲೇಜಿನ ಭಿತ್ತಿಪತ್ರಿಕೆಗೆ ಒಂದು ಲೇಖನ ಬರೆದೆ. ‘ಟ್ರಸ್ಟ್‌ಗಳನ್ನು ಏಕೆ ಒಡೆಯಬೇಕು?’ ಎಂದು ತಲೆಬರಹ. ಅದರಲ್ಲಿ ಟೀಚರ್ ಹೇಳಿದ್ದ ಅಮೆರಿಕದ ಕಂಪನಿ ಊರುಗಳ ವಿಷಯವೂ ಇತ್ತು. ಮನೆ ಕಂಪನಿಯದ್ದು, ಅಂಗಡಿ ಕಂಪನಿಯದ್ದು, ಮಕ್ಕಳ ಶಾಲೆ ಕಂಪನಿಯದ್ದು, ಇಗರ್ಜಿಯೂ ಕಂಪನಿ ಕಟ್ಟಿಸಿದ್ದು. ಹೀಗಿರುವಾಗ ಕಂಪನಿಯ ಮೇಲೆ ದೂರು ಇರುವವನು ಯಾರ ಹತ್ತಿರ ಹೋಗಿ ಹೇಳಬೇಕು ಎಂದು ಮುಗಿಸಿದ್ದೆ. ಜೆಸಿಂತಾಳ ಅಕ್ಷರ ಚಂದ, ಅವಳು ದೊಡ್ಡ ಹಾಳೆಗೆ ಇಳಿಸಿದಳು. ಭಿತ್ತಿಪತ್ರಿಕೆಯಲ್ಲಿ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಕೆಳಗೆ ‘ಅಂತಿಮ ಬಿ.ಎ., ಇತಿಹಾಸ’ ಎಂದು ಮಾತ್ರ ಇತ್ತು.

ನಾನು ಓದಿದ್ದು ಅಮೆರಿಕ, ಬರೆದದ್ದು ಅಮೆರಿಕ. ನಮ್ಮ ಕಾಲೇಜು ನಡೆಸುವುದೂ ಒಂದು ಟ್ರಸ್ಟ್, ಅದರ ಅಧ್ಯಕ್ಷರದ್ದೇ ಗೇರುಬೀಜದ ಕಾರ್ಖಾನೆ, ಅವರದ್ದೇ ಬಸ್ಸು, ಊರಿನ ಆಸ್ಪತ್ರೆಯೂ ಅವರ ಅಪ್ಪನ ಹೆಸರಿನದ್ದು ಎಂಬುದು ನನ್ನ ತಲೆಗೆ ಹೋಗಿರಲೇ ಇಲ್ಲ. ಸಾಲದ್ದಕ್ಕೆ ಆ ಸಮಯಕ್ಕೆ ಸರಿಯಾಗಿ ಅಧ್ಯಕ್ಷರಿಗೂ ಅವರ ತಮ್ಮನಿಗೂ ಹೊಂದಾಣಿಕೆ ತಪ್ಪಿ, ಇವತ್ತೋ ನಾಳೆಯೋ ಟ್ರಸ್ಟ್ ಒಡೆಯುತ್ತದೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲಿ ಕಾಲೇಜಿನ ಗೋಡೆಯ ಮೇಲೆಯೇ ಟ್ರಸ್ಟ್ ಏಕೆ ಒಡೆಯಬೇಕು ಎಂದು ಆಳೆತ್ತರದ ಅಕ್ಷರದಲ್ಲಿ ಬಿದ್ದರೆ ಯಾರು ತಾನೇ ಅಮೆರಿಕ ಎಂದುಕೊಳ್ಳುತ್ತಾರೆ?

ಮೊದಲು ಪ್ರಿನ್ಸಿಪಾಲರು ಟೀಚರನ್ನು ಕರೆದು ಅಧ್ಯಕ್ಷರ ಮಾತು ತಿಳಿಸಿದರು. ಲೇಖನದ ಕೆಳಗೆ ‘ಇದು ಅಮೆರಿಕದ ಕತೆ. ನಮ್ಮ ಊರಿಗೂ ಇದಕ್ಕೂ ಸಂಬಂಧವಿಲ್ಲ’ ಎಂದು ಎರಡು ಸಾಲು ಬರೆದರೆ ಆಯಿತು, ವಿಷಯ ಅಲ್ಲಿಗೆ ಮುಗಿಯುತ್ತದೆ. ಮರುದಿನ ಅಧ್ಯಕ್ಷರೇ ಬರುವವರಿದ್ದರು. ಟೀಚರದ್ದು ವರ್ಷ ವರ್ಷ ಮುಂದುವರಿಸುವ ಕೆಲಸ, ಖಾಯಂ ಆಗಿರಲಿಲ್ಲ. ಈ ಸುದ್ದಿ ಸಂಜೆಯ ಒಳಗೆ ನಮ್ಮ ಕಿವಿಗೂ ಬಿತ್ತು. ಬರೆದವಳು ನಾನು ಎಂದು ಗೊತ್ತಾದರೆ ನಾಳೆ ಬೆಳಿಗ್ಗೆ ಅಮ್ಮನನ್ನು ಕಾರ್ಖಾನೆಯ ಗೇಟಿನಿಂದಲೇ ವಾಪಸು ಕಳಿಸುತ್ತಾರೆ ಎಂಬುದೊಂದೇ ನನ್ನ ಯೋಚನೆ. ಅಪ್ಪ ಇಲ್ಲದ ಮನೆ ನಮ್ಮದು, ಒಲೆ ಉರಿಯುತ್ತಿದ್ದುದು ಅವಳ ಆ ಕೈಗಳಿಂದ.

ಮರುದಿನ ನಮ್ಮ ಇಡೀ ತರಗತಿಯನ್ನು ಆಫೀಸಿಗೆ ಕರೆದರು. ಇಡೀ ತರಗತಿ ಎಂದರೂ ಎರಡು ರಿಕ್ಷಾಕ್ಕೆ ಆಗುವಷ್ಟು ಮಂದಿ. ಅಧ್ಯಕ್ಷರು ಕೆಟ್ಟವರೇನಲ್ಲ, ನಮ್ಮ ಅಜ್ಜಿಯ ಕನ್ನಡಕ ಅವರ ಶಿಬಿರದ್ದೇ. ಬಿಳಿ ಪಂಚೆ, ಬಿಳಿ ಅಂಗಿ, ಮೇಜಿನ ಮೇಲೆ ನಮ್ಮ ಭಿತ್ತಿಪತ್ರಿಕೆಯ ಹಾಳೆ. ಟೀಚರ್ ನಮ್ಮೆಲ್ಲರ ಮುಂದೆ ನಿಂತಿದ್ದರು. ಫೋಟೋಕ್ಕೆ ಹಿಂದೆ ನಿಲ್ಲುವವರು ಆ ದಿನ ಮುಂದೆ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ.

“ಯಾರು ಬರೆದದ್ದು ಟೀಚರೇ ಇದು?”

“ನಮ್ಮ ತರಗತಿ.”

“ತರಗತಿಗೆ ಕೈ ಉಂಟಾ? ಒಬ್ಬರ ಹೆಸರು ಹೇಳಿ.”

ನಾನು ಬಾಯಿ ತೆರೆಯುವುದರಲ್ಲಿದ್ದೆ. ಅವರಿಗೆ ಬೆನ್ನಿಗೂ ಕಣ್ಣಿತ್ತೋ ಏನೋ, ತಿರುಗಿ ನೋಡದೆಯೇ, “ಮಧ್ಯದಲ್ಲಿ ಯಾರೂ ಮಾತಾಡಬಾರದು. ಇದು ನನ್ನ ಪೀರಿಯಡ್” ಎಂದರು. ತರಗತಿಯಲ್ಲಿ ಹೇಳುವ ಅದೇ ಸ್ವರ. ನನ್ನ ಬಾಯಿ ತಾನಾಗಿ ಮುಚ್ಚಿತು.

“ನನ್ನ ತಮ್ಮ ಹೇಳಿ ಬರೆಸಿದ್ದಾ?”

“ನಿಮ್ಮ ತಮ್ಮನವರಿಗೆ ಇಷ್ಟು ಅಮೆರಿಕ ಗೊತ್ತಿರಲಿಕ್ಕಿಲ್ಲ.”

ಪ್ರಿನ್ಸಿಪಾಲರು ಕೆಮ್ಮಿದರು. ಅಧ್ಯಕ್ಷರ ಮುಖದಲ್ಲೇ ಒಂದು ಸಣ್ಣ ನಗು ಬಂದು ಹೋಯಿತು. ಸ್ವರ ತಗ್ಗಿಸಿ ಹೇಳಿದರು, “ನೋಡಿ ಟೀಚರೇ, ನನಗೆ ಮಕ್ಕಳ ಮೇಲೆ ಸಿಟ್ಟಿಲ್ಲ. ಹೆಸರೂ ಬೇಡ, ಬಿಡಿ. ಆ ಎರಡು ಸಾಲು ಬರೆಯಿರಿ. ನೀವೂ ಆರಾಮ, ನಾವೂ ಆರಾಮ.”

ಟೀಚರ್ ಕೈಚೀಲದಿಂದ ಕೆಂಪು ಪೆನ್ನು ತೆಗೆದರು. ಹಾಳೆಯ ಮೇಲೆ ಬಗ್ಗಿ ನಿಧಾನವಾಗಿ ‘ಇದು ಅಮೆರಿಕದ ಕತೆ’ ಎಂದು ಬರೆದರು. ಪೂರ್ಣವಿರಾಮ ಇಟ್ಟರು. ಪೆನ್ನಿಗೆ ಮುಚ್ಚಳ ಹಾಕಿದರು.

“ಇನ್ನೊಂದು ಸಾಲು?”

“ಅದು ಆಗುವುದಿಲ್ಲ.”

“ಯಾಕೆ ಆಗುವುದಿಲ್ಲ?”

“ಸಂಬಂಧ ಇಲ್ಲ ಅಂತ ಬರೆದರೆ ಇಷ್ಟು ವರ್ಷ ನಾನು ಈ ಮಕ್ಕಳಿಗೆ ಎಂತ ಕಲಿಸಿದ್ದು?”

ಇಷ್ಟೇ. ಸ್ವರ ಏರಿಸಲಿಲ್ಲ, ಭಾಷಣ ಮಾಡಲಿಲ್ಲ. ನಾನು ಆಮೇಲೆ ದೊಡ್ಡ ದೊಡ್ಡ ವೇದಿಕೆಗಳಲ್ಲಿ ದೊಡ್ಡ ದೊಡ್ಡವರ ಮಾತು ಕೇಳಿದ್ದೇನೆ. ಒಂದು ವಾಕ್ಯ ಬರೆದು ಒಂದು ವಾಕ್ಯ ಬಿಟ್ಟ ಆ ಕೈಯನ್ನು ಕಂಡಾಗ ಮೈಯಲ್ಲಿ ಎದ್ದ ನವಿರು ಮತ್ತೆಲ್ಲೂ ಎದ್ದಿಲ್ಲ. ಬರೆದಿದ್ದರೆ ಅವರನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ. ನಾನಂತೂ ಮನಸ್ಸಿನಲ್ಲೇ ಬರೆದುಬಿಡಿ ಟೀಚರ್ ಎಂದು ಬೇಡಿಕೊಳ್ಳುತ್ತಿದ್ದೆ.

ಹಾಳೆ ಗೋಡೆಗೆ ಮರಳಲಿಲ್ಲ. ಹೆಸರು ಹೊರಬರಲಿಲ್ಲ, ಅಮ್ಮ ಎಂದಿನ ಹಾಗೆ ಸೈರನ್ ಕೂಗುವ ಮೊದಲೇ ಕಾರ್ಖಾನೆಗೆ ಹೋಗುತ್ತಾ ಬರುತ್ತಾ ಇದ್ದಳು. ವರ್ಷದ ಕೊನೆಗೆ ಟೀಚರ ಕೆಲಸವನ್ನು ಮುಂದುವರಿಸಲಿಲ್ಲ. ಕೊನೆಯ ತರಗತಿಯಲ್ಲಿ ಅವರು ಆ ವಿಷಯ ಎತ್ತಲಿಲ್ಲ. ಎಂದಿನಂತೆ ಮೇಜಿಗೆ ತಟ್ಟಿ ಪಾಠ ಸುರು ಮಾಡಿ, ಗಂಟೆ ಹೊಡೆದಾಗ ಪುಸ್ತಕ ಮುಚ್ಚಿ, ಪರೀಕ್ಷೆಯಲ್ಲಿ ಅಕ್ಷರ ಬಿಡಿಸಿ ಬರೆಯಿರಿ ಎಂದು ಹೇಳಿ ಬಸ್ಸಿಗೆ ಹೋದರು. ಆಮೇಲೆ ಕಾಪುವಿನಲ್ಲಿ ಮನೆಯ ಜಗಲಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದರು. ನಾನು ಮಣಿಪಾಲದಲ್ಲಿ ಬ್ಯಾಂಕಿಗೆ ಸೇರಿದ ಮೇಲೆ ಆಗಾಗ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ, “ನಿಮ್ಮ ಬ್ಯಾಂಕಿನಲ್ಲಿ ಲಿಫ್ಟ್ ಉಂಟಾ?” ಎಂದು ಕೇಳುತ್ತಿದ್ದರು. ಆಫೀಸಿನ ಆ ದಿನದ ಬಗ್ಗೆ ನಾನು ಕೇಳಿದರೆ, ಚಾ ತಣ್ಣಗಾಗುತ್ತದೆ, ಕುಡಿ ಎನ್ನುತ್ತಿದ್ದರು.

ಟೀಚರ್ ತೀರಿಕೊಂಡ ಸುದ್ದಿ ಬಂದಾಗ ಅಮ್ಮ ತಾನೂ ಬರುತ್ತೇನೆ ಎಂದಳು. ನನಗೆ ಸ್ವಲ್ಪ ಆಶ್ಚರ್ಯವಾಯಿತು. ಅವಳಿಗೆ ಟೀಚರ ಪರಿಚಯವಿದೆ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ಟೀಚರ ತಲೆಯ ಹತ್ತಿರ ಬಹಳ ಹೊತ್ತು ನಿಂತಿದ್ದಳು. ವಾಪಸು ಬರುವಾಗ ಶಿರ್ವ ದಾಟಿದ ಮೇಲೆ, ಬಸ್ಸಿನಲ್ಲಿ ಜನ ಕಡಿಮೆಯಾದಾಗ, ಹೇಳಿದಳು.

“ಅವರು ಒಮ್ಮೆ ನಮ್ಮ ಮನೆಗೆ ಬಂದಿದ್ದರು. ನೀನು ಡೈರಿಗೆ ಹಾಲು ಕೊಡಲಿಕ್ಕೆ ಹೋಗಿದ್ದಿ.”

“ಯಾವಾಗ?”

“ನಿಮ್ಮನ್ನೆಲ್ಲ ಆಫೀಸಿಗೆ ಕರೆದರಲ್ಲ, ಅದರ ಹಿಂದಿನ ದಿನ ಸಂಜೆ. ಕೊನೆಯ ಬಸ್ಸಿಗೆ ಅವಸರ ಇತ್ತು ಅವರಿಗೆ, ಕೂತುಕೊಳ್ಳಲೂ ಇಲ್ಲ. ನಿನಗೆ ಹೇಳಬಾರದು ಅಂದರು, ಹೇಳಲಿಲ್ಲ.”

ಟೀಚರ್ ಅಂಗಳದಲ್ಲೇ ನಿಂತು ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದ್ದರು. ಮಗಳು ಬರೆದದ್ದು ಇಂಥದ್ದು, ಅಧ್ಯಕ್ಷರು ಬರೆಯಲು ಹೇಳುವ ಸಾಲು ಇಂಥದ್ದು. ಹೆಸರು ನಾನು ಹೇಳುವುದಿಲ್ಲ, ನನ್ನ ಕೆಲಸದ ಚಿಂತೆ ನಿಮಗೆ ಬೇಡ. ಆದರೂ ನಿಮ್ಮ ಮಗಳು ಅಂತ ಹೇಗಾದರೂ ಗೊತ್ತಾಗಿಬಿಟ್ಟರೆ ಹೋಗುವುದು ನಿಮ್ಮ ಕೆಲಸ. ಹಾಗಾಗಿ ನಿಮ್ಮನ್ನು ಕೇಳದೆ ಅಧ್ಯಕ್ಷರಿಗೆ ಇಲ್ಲ ಎನ್ನಲಿಕ್ಕೆ ನನ್ನಿಂದ ಆಗುವುದಿಲ್ಲ. ನಮ್ಮ ಊರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಬರೆದುಬಿಡಲಾ, ನೀವೇ ಹೇಳಿ.

ಅಮ್ಮ ಕಿಟಕಿಯ ಹೊರಗೆ ನೋಡಿದಳು. ಕಾರ್ಖಾನೆಗೆ ಈಗ ಮೆಷಿನು ಬಂದಿದೆ, ಅವಳು ಬಿಟ್ಟು ವರ್ಷಗಳಾದವು. ಬೆರಳಿನ ಸಂದಿಯ ಕಪ್ಪು ಮಾತ್ರ ಪೂರ್ತಿ ಹೋಗಿಲ್ಲ.

“ನೀನು ಎಂತ ಹೇಳಿದೆ?” ಎಂದು ಕೇಳಿದೆ.

“ಎಂತ ಹೇಳುವುದು? ಅವರು ಕನ್ನಡದಲ್ಲಿ ಕೇಳಿದರು, ನನಗೆ ತುಳುವೇ ಬಂತು ಬಾಯಿಗೆ. ಸಂಬಂಧ ಇಲ್ಲ ಅಂತ ಬರೆಯುವುದು ಹೇಗೆ ಟೀಚರೇ, ಯಾನ್ ಉಲ್ಲೆ ಅತ್ತಾ ಅಂದೆ.”

ನಾನು ಇದ್ದೇನಲ್ಲಾ, ಎಂದು.